ಎರಡನೇ ಕ್ಯಾಮೆರಾ: ಬಾಡಿಗಿಂತ ಮೊದಲು ಲೆನ್ಸ್ ಆರಿಸಿದೆ

ನನ್ನ ಮುಖ್ಯ ಕ್ಯಾಮೆರಾ ನಿಕಾನ್ ಡಿ750. ಬ್ಯಾಟರಿ, ಕಾರ್ಡ್ ಸೇರಿ 840 ಗ್ರಾಂ. ಅದರ 24-70 ಎಫ್/2.8 ಜಿ ಲೆನ್ಸ್ ಒಂದೇ 900 ಗ್ರಾಂ. ಕೆಲಸಕ್ಕೆ ಹೊರಟಾಗ ಆ ಭಾರದ ಬಗ್ಗೆ ತಕರಾರಿಲ್ಲ. ಆದರೆ ಸಂಜೆ ಸುಮ್ಮನೆ ಸುತ್ತಾಡಲು ಹೋದಾಗ ಅದು ಮನೆಯಲ್ಲೇ ಉಳಿಯುತ್ತಿತ್ತು. ಜೇಬಿನಲ್ಲಿ ಹಿಡಿಯುವಂಥದ್ದು ಇನ್ನೊಂದು ಬೇಕಿತ್ತು.

ಬಾಡಿಗಳನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಹುಡುಕುವ ಮೊದಲು ಹಳೆಯ ಫೋಟೊಗಳನ್ನು ತೆರೆದು ಕೂತೆ. ಲೈಟ್‌ರೂಮ್ ಎಂಬ ಫೋಟೊ ತಂತ್ರಾಂಶದಲ್ಲಿ ಫೋಕಲ್ ಲೆಂತ್ (ಮಿ.ಮೀ. ಕಡಿಮೆಯಾದಷ್ಟೂ ನೋಟ ಅಗಲ, ಹೆಚ್ಚಿದಷ್ಟೂ ಕಿರಿದು) ಪ್ರಕಾರ ಫಿಲ್ಟರ್ ಹಾಕಿ, ಬಿಡುವಿನಲ್ಲಿ ತೆಗೆದವನ್ನಷ್ಟೇ ನೋಡಿದೆ. ಬಹುಪಾಲು 35ರಿಂದ 50 ಮಿ.ಮೀ. ನಡುವೆ ಇದ್ದವು. ಉಳಿದವುಗಳಲ್ಲಿ ಹೆಚ್ಚಿನವು 85ರ ಲೆನ್ಸ್‌ನಲ್ಲಿ ತೆಗೆದ ಮುಖಗಳು. ವೈಡ್ ಅಪರೂಪ. ಹಾಗಾಗಿ ನನಗೆ ಬೇಕಿದ್ದದ್ದು 40ರ ಆಸುಪಾಸಿನದೊಂದು, 90ರ ಆಸುಪಾಸಿನದೊಂದು ಪುಟ್ಟ ಲೆನ್ಸ್. ಅವೆರಡೂ ಚಿಕ್ಕದಾಗಿ ಸಿಗುವ ಮೌಂಟ್ (ಬಾಡಿಗೂ ಲೆನ್ಸಿಗೂ ನಡುವಿನ ಜೋಡಣೆಯ ಮಾದರಿ) ಯಾವುದೋ ಅದೇ ನನ್ನ ಮೌಂಟ್ ಎಂದು ತೀರ್ಮಾನಿಸಿದೆ.

ಬಾಡಿಯ ತೂಕ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಸೋನಿ ಎ7ಸಿ ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನದು) ಆದರೂ ಬರೀ 509 ಗ್ರಾಂ. ಅದಕ್ಕೆ 24-70 ಎಫ್/2.8 ಜಿಎಂ ಹಾಕಿದರೆ ಲೆನ್ಸ್ ಒಂದರದೇ 886 ಗ್ರಾಂ. ಎ7ಸಿಗೆ ಹೊಂದುವ ಪುಟ್ಟ ಲೆನ್ಸ್‌ಗಳೂ ಇವೆ, ನಿಜ. ಆದರೆ ದೊಡ್ಡ ಸೆನ್ಸರನ್ನು ಪೂರ್ತಿ ತುಂಬುವ ಬೆಳಕಿನ ವೃತ್ತ ಬೇಕಾದ್ದರಿಂದ, ಅಪರ್ಚರ್ (ಬೆಳಕು ಒಳಬಿಡುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಹಿಗ್ಗಿದಂತೆ ಗಾಜೂ ಬೇಗ ದಪ್ಪವಾಗುತ್ತದೆ. ರಿಕೊ ಜಿಆರ್ 3 ಕೈಗೆತ್ತಿಕೊಂಡಾಗ ಮನಸ್ಸು ಬಹಳ ಎಳೆಯಿತು; 257 ಗ್ರಾಂ, ಜೇಬಿಗೆ ಹೇಳಿ ಮಾಡಿಸಿದ್ದು. ಆದರೆ ಅದರ 28ರ ಅಗಲ ನೋಟ ನನ್ನದಲ್ಲ, ಲೆನ್ಸ್ ಬದಲಿಸಲೂ ಆಗದು.

ಕೊನೆಗೆ ಒಪ್ಪಿದ್ದು ಮೈಕ್ರೊ ಫೋರ್ ಥರ್ಡ್ಸ್, ಪ್ಯಾನಸಾನಿಕ್ ಮತ್ತು ಒಲಿಂಪಸ್ ಎರಡರ ಲೆನ್ಸೂ ಕೂರುವ ಮೌಂಟ್. ಅದರ ಸೆನ್ಸರ್ 17.3×13 ಮಿ.ಮೀ. ಕರ್ಣದಲ್ಲಿ ಫುಲ್ ಫ್ರೇಮಿನ ಅರ್ಧ. ಅಲ್ಲಿ 20 ಮಿ.ಮೀ. ಲೆನ್ಸ್ 40ರಂತೆ, 45 ಮಿ.ಮೀ. 90ರಂತೆ ಕಾಣುತ್ತದೆ. ಪ್ಯಾನಸಾನಿಕ್ 20 ಎಫ್/1.7ರ ಎರಡನೇ ಆವೃತ್ತಿ 87 ಗ್ರಾಂ, ಒಲಿಂಪಸ್ 45 ಎಫ್/1.8 116 ಗ್ರಾಂ. ಬಾಡಿಯಾಗಿ 2014ರ ಪ್ಯಾನಸಾನಿಕ್ ಜಿಎಂ5 ಆರಿಸಿದೆ. ಬ್ಯಾಟರಿ ಸೇರಿ 211 ಗ್ರಾಂ. ಅದಕ್ಕಿಂತ ಹಿಂದಿನ ಜಿಎಂ1ರಲ್ಲಿ ಇಲ್ಲದ ವ್ಯೂಫೈಂಡರ್ ಇದರಲ್ಲಿದೆ, ಬಿಸಿಲಲ್ಲಿ ನನಗೆ ಅದು ಬೇಕೇ ಬೇಕು. ಮೂರೂ ಸೇರಿ 414 ಗ್ರಾಂ, ನನ್ನ ದೊಡ್ಡ ಲೆನ್ಸಿನ ಅರ್ಧಕ್ಕಿಂತ ಕಡಿಮೆ!

ಬಿಟ್ಟುಕೊಡಬೇಕಾದ್ದೂ ಇದೆ. ಎಫ್/1.7 ಬೆಳಕಿನ ಲೆಕ್ಕಕ್ಕೆ ಎಫ್/1.7ರದೇ, ಆದರೆ ಹಿನ್ನೆಲೆ ಮಬ್ಬಾಗುವುದು ಫುಲ್ ಫ್ರೇಮಿನ ಎಫ್/3.4ರಷ್ಟು. 20ರ ಲೆನ್ಸ್ ಫೋಕಸ್ ಮಾಡುವಾಗ ಒಳಗಿನ ಗಾಜುಗಳೆಲ್ಲ ಒಟ್ಟಿಗೆ ಮುಂದೆ ಹಿಂದೆ ಸರಿಯುತ್ತವೆ, ಆದ್ದರಿಂದ ನಿಧಾನ. ರಸ್ತೆಯಲ್ಲಿ ನಾನು ಅದಕ್ಕೆ ಕಾಯುವುದಿಲ್ಲ. ಎಫ್/5.6ಕ್ಕೆ ಇಟ್ಟು, 3 ಮೀಟರ್ ದೂರದ ಯಾವುದಾದರೂ ಕಂಬಕ್ಕೆ ಫೋಕಸ್ ಮಾಡಿ, ಮ್ಯಾನ್ಯುವಲ್‌ಗೆ ಬದಲಿಸುತ್ತೇನೆ. ಸುಮಾರು 2 ಮೀಟರ್‌ನಿಂದ 8 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಕಣ್ಣಿಗೆ ಬಿದ್ದದ್ದನ್ನು ಹಿಡಿಯುವುದಷ್ಟೇ ಕೆಲಸ. 45ರ ಲೆನ್ಸಿಗೆ ಈ ಉಪಾಯ ಬೇಕಿಲ್ಲ, ಅದರ ಫೋಕಸ್ ಚುರುಕು; ಕಿಟಕಿಯ ಬೆಳಕಲ್ಲಿ ಕೂತವರ ಮುಖಕ್ಕೆ ನಾನು ಅದನ್ನೇ ಹಾಕುವುದು.

ಶಟರ್ ವಿಷಯ ಕೊಳ್ಳುವ ಮೊದಲೇ ತಿಳಿದಿರಲಿ. ಜಿಎಂ5ರ ಮೆಕ್ಯಾನಿಕಲ್ ಶಟರ್ 1/500 ಸೆಕೆಂಡಿಗೆ ನಿಲ್ಲುತ್ತದೆ. ಅದರಾಚೆ 1/16000ವರೆಗೆ ಎಲೆಕ್ಟ್ರಾನಿಕ್, ಅಂದರೆ ಸೆನ್ಸರನ್ನು ಸಾಲು ಸಾಲಾಗಿ ಓದುವಂಥದ್ದು. ಅದರಲ್ಲಿ ವೇಗವಾಗಿ ಅಡ್ಡ ಹಾಯುವ ವಾಹನ ಓರೆಯಾಗುತ್ತದೆ, ಟ್ಯೂಬ್‌ಲೈಟ್ ಕೆಳಗೆ ಪಟ್ಟೆಗಳು ಬೀಳುತ್ತವೆ. ಹೀಗಾಗಿ ಒಳಾಂಗಣದಲ್ಲಿ ಮೆಕ್ಯಾನಿಕಲ್ಲೇ ಇಡುತ್ತೇನೆ.

12-32 ಮಿ.ಮೀ. ಝೂಮ್ ಲೆನ್ಸ್ ಕೂಡ ಇಟ್ಟುಕೊಂಡಿದ್ದೇನೆ. ಬರೀ 70 ಗ್ರಾಂ, ಪ್ರವಾಸದಲ್ಲಿ ಎಲ್ಲಕ್ಕೂ ಒದಗುತ್ತದೆ. ಆದರೆ ಅದನ್ನು ತಿರುಗಿಸಿ ಹೊರಚಾಚದೆ ಚಿತ್ರ ತೆಗೆಯಲಾಗದು. ಜೇಬಿನಿಂದ ಎಳೆದ ಕೂಡಲೇ ತೆಗೆಯಬೇಕಾದ ನನಗೆ 20ರದ್ದೇ ಸರಿ. ಒಂದು ಬ್ಯಾಟರಿ 200 ಚಿತ್ರಗಳ ಆಸುಪಾಸಿನಲ್ಲಿ ಮುಗಿಯುತ್ತದೆ, ಇನ್ನೊಂದನ್ನು ಚಾರ್ಜ್ ಮಾಡಿ ಜೊತೆಗೇ ಇಟ್ಟಿರುತ್ತೇನೆ.