ಹಳೆಯ ಹೈಬ್ರಿಡ್ ಕಾರಿನ ಏಸಿ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ಏಪ್ರಿಲ್ ಬಿಸಿಲಲ್ಲಿ ಏಸಿ ಹಾಕಿಯೂ ಬೆನ್ನು ಒದ್ದೆಯಾದರೆ ಗ್ಯಾರೇಜಿನಲ್ಲಿ ಸಿಗುವ ಮೊದಲ ಉತ್ತರ ಒಂದೇ: ‘ಗ್ಯಾಸ್ ಕಮ್ಮಿಯಾಗಿದೆ ಸಾರ್, ತುಂಬಿಸಿಬಿಡೋಣ’. ಮಾಮೂಲಿ ಕಾರಿನಲ್ಲಿ ಈ ಮಾತು ಹೇಗೋ ನಡೆಯುತ್ತದೆ. ಹೈಬ್ರಿಡ್ ಕಾರಿನಲ್ಲಿ ಇದೇ ಮಾತಿಗೆ ತಲೆಯಾಡಿಸಿ, ಕೊನೆಗೆ ಕಂಪ್ರೆಸರನ್ನೇ ಕಳೆದುಕೊಳ್ಳಬಹುದು. ಬಿಡದಿಯಲ್ಲಿ ಜೋಡಣೆಯಾಗಿ 2013ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಮ್ರಿ ಹೈಬ್ರಿಡ್‌ಗಳ ಮೊದಲ ಸಾಲಿಗೆ ಹತ್ತು ವರ್ಷ ದಾಟಿದೆ. ಅಂಥವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ಯಾವ ಬಗೆಯ ಹೈಬ್ರಿಡ್ ಎಂದು ತಿಳಿಯಿರಿ. ಹಿಂದೆ ‘ಎಸ್‌ಎಚ್‌ವಿಎಸ್’ ಎಂದು ಬರೆದಿರುವ ಸಿಯಾಜ್, ಎರ್ಟಿಗಾಗಳ ಏಸಿ ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟೇ ತಿರುಗಿಸುತ್ತದೆ. ಅವುಗಳ ರಿಪೇರಿ ಮಾಮೂಲಿ ಕಾರಿನದೇ. ಕ್ಯಾಮ್ರಿ, ಪ್ರಿಯಸ್‌ಗಳಲ್ಲಿ ಹಾಗಲ್ಲ. ಅಲ್ಲಿ ಕಂಪ್ರೆಸರಿನ ಒಳಗೇ ಒಂದು ಮೋಟರ್ ಇದೆ, ಅದಕ್ಕೆ ಕರೆಂಟು ಬರುವುದು ದೊಡ್ಡ ಬ್ಯಾಟರಿಯ ಕಡೆಯಿಂದ. ಕ್ಯಾಮ್ರಿಯಲ್ಲಿ ಆ ಬ್ಯಾಟರಿ ಸುಮಾರು 245 ವೋಲ್ಟ್‌ನದು. ಬಾನೆಟ್ ಎತ್ತಿದಾಗ ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಅದಕ್ಕೆ ಸೇರಿದವು. ಅವನ್ನು ಮುಟ್ಟಬೇಡಿ, ಯಾವ ಕಾರಣಕ್ಕೂ ಬಿಚ್ಚಬೇಡಿ.

ಇನ್ನು ಅಳತೆ. ‘ತಣ್ಣಗಾಗ್ತಿಲ್ಲ’ ಎಂಬ ದೂರಿಗಿಂತ ಒಂದು ಸಂಖ್ಯೆ ಹೆಚ್ಚು ಕೆಲಸ ಮಾಡುತ್ತದೆ. ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಒಂದನ್ನು ತನ್ನಿ. ಕಾರನ್ನು ನೆರಳಲ್ಲಿ ನಿಲ್ಲಿಸಿ, ‘ರೆಡಿ’ ದೀಪ ಬರುವವರೆಗೂ ಸ್ಟಾರ್ಟ್ ಮಾಡಿ. ಇಕೋ ಮೋಡ್ ಆಫ್ ಮಾಡಿ. ಅದು ಪೆಟ್ರೋಲ್ ಉಳಿಸಲೆಂದು ಏಸಿಯನ್ನೂ ತಗ್ಗಿಸುತ್ತದೆ, ಎಷ್ಟೋ ಜನರ ದೂರು ಇಲ್ಲಿಗೇ ಮುಗಿಯುತ್ತದೆ. ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಒತ್ತಿ, ಉಷ್ಣಾಂಶವನ್ನು ತೀರಾ ಕೆಳಕ್ಕಿಳಿಸಿ, ಹತ್ತು ನಿಮಿಷ ಬಿಟ್ಟು ನಡುವಿನ ಕಿಂಡಿಯೊಳಗೆ ಕಡ್ಡಿ ತೂರಿಸಿ ನೋಡಿ. ಹೊರಗೆ 33–35 ಡಿಗ್ರಿ ಇರುವಾಗ ಕಿಂಡಿಯಲ್ಲಿ 10ರ ಆಸುಪಾಸು ಬಂದರೆ ಏಸಿ ಚೆನ್ನಾಗಿದೆ. 15 ದಾಟಿದರೆ ಹುಡುಕಬೇಕಾದ್ದು ಏನೋ ಇದೆ. ಆಮೇಲೆ ಹೈವೇಯಲ್ಲಿ ಯಾರಾದರೂ ಓಡಿಸುವಾಗ ಪಕ್ಕದಲ್ಲಿ ಕೂತು ಇನ್ನೊಮ್ಮೆ ಅಳೆಯಿರಿ.

ಈ ಎರಡನೇ ಅಳತೆಗೆ ಕಾರಣವಿದೆ. ಮಾಮೂಲಿ ಕಾರು ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಿಧಾನವಾಗಿ, ಕಂಪ್ರೆಸರೂ ನಿಧಾನವಾಗುತ್ತದೆ. ತಂಪು ಸ್ವಲ್ಪ ಇಳಿಯುವುದು ಸಹಜ. ಕ್ಯಾಮ್ರಿಯಂಥ ಹೈಬ್ರಿಡ್‌ನ ಕಂಪ್ರೆಸರಿಗೆ ಎಂಜಿನ್ನಿನ ಹಂಗಿಲ್ಲ. ಹಾಗಾಗಿ ಓಡುವಾಗ ತಂಪಾಗಿದ್ದು ನಿಂತಾಗ ಬಿಸಿಯಾದರೆ ಅನುಮಾನ ಹೋಗಬೇಕಾದ್ದು ಕಾರಿನ ಮುಂಭಾಗದಲ್ಲಿದ್ದು ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಮತ್ತು ಅದರ ಫ್ಯಾನ್ ಮೇಲೆ. ಹತ್ತು ವರ್ಷದ ಧೂಳು, ಎಲೆ, ಹುಳು ಅಲ್ಲಿ ಕೂತಿರುತ್ತವೆ. ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಸಾಕು. ಪ್ರೆಷರ್ ವಾಷರ್ ಹತ್ತಿರದಿಂದ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಗಾಳಿ ತಣ್ಣಗಿದ್ದು ಬರುವುದೇ ಕಡಿಮೆಯಾದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಬದಲಿಸಿ. ಅದು ನೀವೇ ಮಾಡಬಹುದಾದ ಕೆಲಸ.

ಇಷ್ಟಾದರೂ ಅಂಕಿ ಇಳಿಯದಿದ್ದರೆ ಗ್ಯಾಸ್ ವಿಚಾರ. ಬೆಲ್ಟ್ ಕಂಪ್ರೆಸರಿನಲ್ಲಿ ಹೊರಗೆ ಚಾಚಿದ ಶಾಫ್ಟಿನ ಸೀಲ್ ಮೂಲಕ ವರ್ಷಗಟ್ಟಲೆ ಗ್ಯಾಸ್ ಒಸರುತ್ತದೆ. ಎಲೆಕ್ಟ್ರಿಕ್ ಕಂಪ್ರೆಸರಿಗೆ ಆ ಶಾಫ್ಟೇ ಹೊರಗಿಲ್ಲ. ಆದ್ದರಿಂದ ಗ್ಯಾಸ್ ಗಣನೀಯವಾಗಿ ಕಡಿಮೆಯಾಗಿದೆ ಎಂದರೆ ಬಹುಮಟ್ಟಿಗೆ ಎಲ್ಲೋ ಲೀಕ್ ಇದೆ: ಕಂಡೆನ್ಸರಿಗೆ ಕಲ್ಲು ಹೊಡೆದಿರಬಹುದು, ಪೈಪಿನ ಕೀಲಿನ ಓ-ರಿಂಗ್ ಒಣಗಿರಬಹುದು, ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ತೂತಾಗಿರಬಹುದು. ಅದನ್ನು ಹುಡುಕದೆ ತುಂಬಿಸಿದ ಗ್ಯಾಸು ತೂತಿನ ಕೊಡಕ್ಕೆ ಹೊಯ್ದ ನೀರು. ಲೀಕ್ ಮುಚ್ಚುವ ಡಬ್ಬಿ ದ್ರಾವಣಗಳಂತೂ ಬೇಡವೇ ಬೇಡ.

ಅದಕ್ಕಿಂತ ಗಂಭೀರವಾದ್ದು ಆಯಿಲ್. ಗ್ಯಾಸ್ ಜೊತೆ ಸುತ್ತುವ ಆಯಿಲ್ ಇಲ್ಲಿ ಮೋಟರಿನ ತಾಮ್ರದ ಸುರುಳಿಯನ್ನೇ ತೋಯಿಸುತ್ತದೆ. ಅದು ಕರೆಂಟು ಹರಿಯಲು ಬಿಡಬಾರದು. ಅದಕ್ಕೇ ಟೊಯೊಟ ಹೈಬ್ರಿಡ್‌ಗಳಿಗೆ ಎನ್‌ಡಿ-11 ಎಂಬ ಪಿಒಇ ಬಗೆಯ ಆಯಿಲ್ ಗೊತ್ತುಮಾಡಿದ್ದಾರೆ. ಮಾಮೂಲಿ ಕಾರುಗಳ ಪಿಎಜಿ ಆಯಿಲ್ ಸ್ವಲ್ಪ ಬೆರೆತರೂ ಕರೆಂಟು ಕಾರಿನ ಲೋಹದ ಮೈಗೆ ಸೋರತೊಡಗಬಹುದು. ಕಾರಿನ ಕಂಪ್ಯೂಟರ್ ಅದನ್ನು ಪತ್ತೆಹಚ್ಚಿ ‘ಪಿ0ಎಎ6’ ಎಂಬ ಕೋಡ್ ಹಾಕುತ್ತದೆ. ಒಮ್ಮೊಮ್ಮೆ ಆಫ್ ಮಾಡಿದ ಕಾರು ಮತ್ತೆ ‘ರೆಡಿ’ಗೆ ಬರುವುದೇ ಇಲ್ಲ. ತಂಪಿಗೆಂದು ಹೋದವರು ಕಾರನ್ನು ಟೋ ಮಾಡಿಸಿಕೊಂಡು ಬರಬೇಕಾಗುತ್ತದೆ, ಕಂಪ್ರೆಸರ್ ಜೊತೆಗೆ ಬೇರೆ ಭಾಗಗಳೂ ಬದಲಾಗಬೇಕಾಗಬಹುದು.

ಆದ್ದರಿಂದ ಗ್ಯಾರೇಜಿನಲ್ಲಿ ಸಂಕೋಚವಿಲ್ಲದೆ ಕೇಳಿ. ಹೈಬ್ರಿಡ್‌ಗೆ ಯಾವ ಆಯಿಲ್ ಹಾಕುತ್ತೀರಿ? ಗ್ಯಾಸ್ ಮಷೀನಿನ ಹೋಸ್‌ನಲ್ಲಿ ಹಿಂದಿನ ಕಾರಿನ ಆಯಿಲ್ ಉಳಿದಿರುವುದಿಲ್ಲವೇ? ಹಳೆಯ ಗ್ಯಾಸ್ ಹೊರತೆಗೆದು ತೂಕ ಹೇಳುತ್ತೀರಾ? ಬಾನೆಟ್ ಅಡಿಯ ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಆರ್-134ಎ (ಏಸಿ ಗ್ಯಾಸಿನ ಹೆಸರು) ಬೇಕೆಂದು ಬರೆದಿರುತ್ತದೆ. ಹೊರಬಂದ ತೂಕ ಅದಕ್ಕೆ ಹತ್ತಿರವಿದ್ದರೆ ತಪ್ಪು ಗ್ಯಾಸಿನದಲ್ಲ, ಬೇರೆಡೆ ಹುಡುಕಬೇಕು. ಲೀಕ್ ಸರಿಪಡಿಸಿದ ಮೇಲೆ ಪೈಪುಗಳೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಿಡಿಸಿ, ತೂಕ ಮಾಡಿಯೇ ತುಂಬಿಸಬೇಕು. ಪ್ರೆಷರ್ ಮೀಟರ್ ನೋಡಿಕೊಂಡು ಅಂದಾಜಿಗೆ ಬಿಡುವವರ ಕೈಗೆ ಕಾರು ಕೊಡಬೇಡಿ.

ಗ್ಯಾಸ್ ಸರಿಯಿದ್ದೂ ಟ್ರಾಫಿಕ್‌ನಲ್ಲಿ ತಂಪು ಇಳಿಯುತ್ತಿದ್ದು, ಎಂಜಿನ್ ಪದೇಪದೇ ತಾನಾಗಿ ಸ್ಟಾರ್ಟ್ ಆಗುತ್ತಿದ್ದರೆ ದೊಡ್ಡ ಬ್ಯಾಟರಿಯನ್ನು ಸ್ಕ್ಯಾನ್ ಮಾಡಿಸಿ. ಬ್ಯಾಟರಿ ಬಸವಳಿದಾಗ ಕಾರು ಏಸಿಗೆ ಕೊಡುವ ಕರೆಂಟನ್ನೇ ಕತ್ತರಿಸುತ್ತದೆ. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇರುತ್ತದೆ. ಅಲ್ಲಿಗೆ ಚೀಲ, ಶಾಲು ಒತ್ತರಿಸಿಟ್ಟಿದ್ದರೆ ತೆಗೆಯಿರಿ, ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿ.

ಬಿಲ್ಲಿನಲ್ಲಿ ಗ್ಯಾಸಿನ ತೂಕ, ಆಯಿಲ್ ಹೆಸರು ಬರೆಸಿಕೊಳ್ಳಿ. ಮರುದಿನ ಅದೇ ನೆರಳಿನಲ್ಲಿ, ಅದೇ ಹೊತ್ತಿಗೆ, ಅದೇ ಥರ್ಮಾಮೀಟರ್‌ನಿಂದ ಅಳೆದು ಬಿಲ್ಲಿನ ಹಿಂದೆಯೇ ಬರೆದಿಡಿ. ತಿಂಗಳ ನಂತರ, ಹೊರಗೆ ಅಷ್ಟೇ ಬಿಸಿಲಿದ್ದ ದಿನ, ಅಂಕಿ ಮೂರ್ನಾಲ್ಕು ಡಿಗ್ರಿ ಏರಿದ್ದರೆ ಲೀಕ್ ಇನ್ನೂ ಉಳಿದಿರಬಹುದು; ಆ ಬಿಲ್ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ.