ಮೇಫ್ಲವರ್ ಹಡಗಿನವರು ನಮ್ಮ ಪೂರ್ವಿಕರೇ? ಹುಡುಕುವುದು ಹೀಗೆ

ನನ್ನ ಅಳಿಯ ಅಮೆರಿಕದವನು. ಮೊದಲ ಸಲ ಅವರ ಮನೆಗೆ ಹೋದಾಗ ಅವನ ಅಜ್ಜಿ ಕಾಫಿ ಕೊಡುವ ಮೊದಲೇ ಹೇಳಿದ್ದು ಇದು: ‘ನಾವು ಜಾನ್ ಆಲ್ಡನ್ ವಂಶದವರು.’

1620ರಲ್ಲಿ ಮೇಫ್ಲವರ್ ಎಂಬ ಹಡಗು ಇಂಗ್ಲೆಂಡಿನಿಂದ 102 ಪ್ರಯಾಣಿಕರನ್ನು ಹೊತ್ತು ಈಗಿನ ಮ್ಯಾಸಚೂಸೆಟ್ಸ್ ತೀರಕ್ಕೆ ಬಂತು. ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ತೀರಿಹೋದರು. ಬದುಕುಳಿದವರಲ್ಲಿ ಪೀಪಾಯಿ ಮಾಡುವ ಕಸುಬಿನ ಜಾನ್ ಆಲ್ಡನ್ ಒಬ್ಬ. ಅದೇ ಹಡಗಿನಲ್ಲಿ ಬಂದು, ಆ ಚಳಿಯಲ್ಲಿ ಹೆತ್ತವರನ್ನೂ ಸೋದರನನ್ನೂ ಕಳೆದುಕೊಂಡಿದ್ದ ಪ್ರಿಸಿಲ್ಲಾ ಮಲಿನ್ಸ್‌ಳನ್ನು ಅವನು ಮದುವೆಯಾದ.

ಅಜ್ಜಿಯ ಹತ್ತಿರ ಒಂದು ಕಾಗದವೂ ಇರಲಿಲ್ಲ. ಅವರ ಅಜ್ಜಿ ಹೇಳಿದ್ದರು, ಅಷ್ಟೆ. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದಾಗ ಆ ಅಜ್ಜಿ, ನಾನು ಇಬ್ಬರೂ ಹುಡುಕಲು ಕೂತೆವು. ನಮ್ಮ ಊರಲ್ಲಾದರೆ ಹೆಳವರು ಎತ್ತಿನ ಮೇಲೆ ಬಂದು ತಲೆತಲೆಮಾರಿನ ಹೆಸರು ಹೇಳಿ ಹೋಗುತ್ತಿದ್ದರು. ಅಲ್ಲಿ ಹೆಳವರಿಲ್ಲ. ನಾವೇ ಹುಡುಕಬೇಕು. ಅಳಿಯ, ಸೊಸೆ ಆ ಕಡೆಯವರಾಗಿರುವ ಕನ್ನಡದ ಮನೆಗಳು ಈಗ ಎಷ್ಟೋ ಇವೆ. ನಮಗೆ ತಿಳಿದದ್ದು ಅವರಿಗೂ ಉಪಯೋಗಕ್ಕೆ ಬರಲಿ.

ಮೊದಲು ಆಲ್ಡನ್‌ನನ್ನು ಪಕ್ಕಕ್ಕಿಡಿ. ಅವನಿಂದ ಕೆಳಕ್ಕೆ ಇಳಿಯಬೇಡಿ, ನಿಮ್ಮಿಂದ ಮೇಲಕ್ಕೆ ಹತ್ತಿ. ಮಗುವಿನ ಜನನ ಪತ್ರ, ಅಪ್ಪ ಅಮ್ಮನ ಮದುವೆ ಪತ್ರ, ಅಜ್ಜನ ಮರಣ ಪತ್ರ, ಹೀಗೆ. ಪ್ರತಿ ತಲೆಮಾರಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಮಗು ಈ ತಂದೆತಾಯಿಯದೇ ಎಂದು ಯಾವ ಕಾಗದ ಹೇಳುತ್ತದೆ? 1897ರಲ್ಲಿ ಶುರುವಾದ ಮೇಫ್ಲವರ್ ವಂಶಸ್ಥರ ಸಂಘ ಕೂಡ ಸದಸ್ಯತ್ವ ಕೊಡುವ ಮೊದಲು ಒಂದೊಂದು ಕೊಂಡಿಗೂ ಪುರಾವೆ ಕೇಳುತ್ತದೆ.

ನೂರೈವತ್ತು ವರ್ಷದವರೆಗೆ ಹತ್ತುವುದು ಸಲೀಸು. ಜನಗಣತಿ ಕೈ ಹಿಡಿಯುತ್ತದೆ. ಫ್ಯಾಮಿಲಿ ಸರ್ಚ್ ಜಾಲತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. 1880ರ ಗಣತಿಯಿಂದ ಮನೆಯ ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆದಿದ್ದಾರೆ. 1850ರಿಂದ 1870ರವರೆಗೆ ಮನೆಯವರ ಹೆಸರಿದೆ, ಸಂಬಂಧ ಬರೆದಿಲ್ಲ. ಅದಕ್ಕೂ ಹಿಂದೆ ಯಜಮಾನನ ಹೆಸರು ಮಾತ್ರ. ಉಳಿದವರು ಬರೀ ಲೆಕ್ಕ. 1890ರ ಗಣತಿ ಬಹುಪಾಲು ಬೆಂಕಿಯಲ್ಲಿ ಹಾಳಾಗಿದೆ.

ನಿಜವಾದ ಕಷ್ಟ 1780ರಿಂದ 1850ರ ನಡುವೆ. ಆಗ ಮ್ಯಾಸಚೂಸೆಟ್ಸ್‌ನ ಸಣ್ಣ ರೈತರು ಹೊಸ ಜಮೀನು ಹುಡುಕಿ ನ್ಯೂಯಾರ್ಕ್ ರಾಜ್ಯದ ಒಳಭಾಗಕ್ಕೆ ಗುಳೆ ಎದ್ದರು. ಬಿಟ್ಟುಬಂದ ಊರಲ್ಲಿ ಜನನ ಮರಣ ಬರೆದಿಡುವ ರೂಢಿ ಮೊದಲಿನಿಂದ ಇತ್ತು. ಹೋದ ಕಡೆ, ರಾಜ್ಯ ಮಟ್ಟದಲ್ಲಿ ಅದು ಶುರುವಾದದ್ದೇ 1880ರ ಹೊತ್ತಿಗೆ. ನಮ್ಮ ಅಜ್ಜಿಯ ಮನೆತನ ಕೂಡ ಈ ಗುಂಡಿಯಲ್ಲೇ ಕಾಣೆಯಾಗಿತ್ತು.

ಇಲ್ಲಿ ಉಯಿಲು, ಕ್ರಯಪತ್ರ, ಪಿಂಚಣಿ ಕಡತ ಹುಡುಕಬೇಕು. ನಮಗೆ ದಾರಿ ತೋರಿಸಿದ್ದು ಪಿಂಚಣಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರಿಗೆ 1832ರ ಕಾಯ್ದೆಯಲ್ಲಿ ಪಿಂಚಣಿ ಸಿಕ್ಕಿತು. ಅರ್ಜಿದಾರ ತಾನು ಎಲ್ಲಿ, ಯಾವ ವರ್ಷ ಹುಟ್ಟಿದ್ದು ಎಂದು ಹೇಳಬೇಕಿತ್ತು. 1836ರಿಂದ ವಿಧವೆಯರೂ ಅರ್ಜಿ ಹಾಕಬಹುದಾಯಿತು. ಮದುವೆಯಾಗಿದ್ದಕ್ಕೆ ದಾಖಲೆ ಬೇಕು, ಆದರೆ ಇಲ್ಲ. ಪಾಪ, ಎಷ್ಟೋ ಹೆಂಗಸರು ಮನೆಯ ಬೈಬಲಿನಿಂದ ಮದುವೆ, ಮಕ್ಕಳ ಹೆಸರು ಬರೆದಿದ್ದ ಹಾಳೆಯನ್ನೇ ಹರಿದು ಕಳಿಸಿದರು. ಆ ಹಾಳೆಗಳು ಇವತ್ತಿಗೂ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ.

ನಮಗೂ ಅಂಥದ್ದೊಂದು ಹಾಳೆ ಸಿಕ್ಕಿತು. ಕಂದು ಶಾಯಿ, ಎಡ ಅಂಚಿನಲ್ಲಿ ಹರಿದ ಗುರುತು, ಎಂಟು ಮಕ್ಕಳ ಹೆಸರು. ಅಜ್ಜಿ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಐದನೆಯದು ಅವರ ಮುತ್ತಜ್ಜನ ಅಪ್ಪ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇಂಥ ಹಾಳೆ ಸಿಕ್ಕರೆ ಶಾಯಿಯನ್ನು ಗಮನಿಸಿ. ಒಂದೊಂದು ಹೆರಿಗೆಯ ನಂತರ ಬರೆದಿದ್ದರೆ ಶಾಯಿ, ಅಕ್ಷರ ಬೇರೆಬೇರೆ ಇರುತ್ತವೆ. ಎಲ್ಲವೂ ಒಂದೇ ಕೈ, ಒಂದೇ ಶಾಯಿಯಾದರೆ ಒಂದೇ ದಿನ ಕೂತು ಬರೆದದ್ದಿರಬಹುದು. ಬೈಬಲ್ ಅಚ್ಚಾದ ವರ್ಷವೂ ಸಿಕ್ಕರೆ ನೋಡಿ. 1830ರ ಬೈಬಲಿನಲ್ಲಿ 1790ರ ಜನನ ಇದ್ದರೆ ಅದು ನೆನಪಿನಿಂದಲೋ ಇನ್ನೊಂದು ಕಡೆಯಿಂದಲೋ ಇಳಿಸಿದ್ದು.

ಹಳೆಯ ಮಾತುಗಳೂ ದಾರಿ ತಪ್ಪಿಸುತ್ತವೆ. ಆಗ ಸೀನಿಯರ್, ಜೂನಿಯರ್ ಎಂದರೆ ಅಪ್ಪ ಮಗನೇ ಆಗಬೇಕಿರಲಿಲ್ಲ. ಒಂದೇ ಊರಿನ ಒಂದೇ ಹೆಸರಿನ ದೊಡ್ಡವನು, ಚಿಕ್ಕವನು, ನಮ್ಮಲ್ಲಿ ದೊಡ್ಡ ಕೆಂಪಣ್ಣ, ಸಣ್ಣ ಕೆಂಪಣ್ಣ ಇದ್ದಹಾಗೆ. ಇನ್ನು 1752ರವರೆಗೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿ 1689/90 ಎಂದು ಎರಡು ವರ್ಷ ಬರೆದಿದ್ದರೆ ಅದು ತಪ್ಪಲ್ಲ. ಹಳೆಯ ಲೆಕ್ಕದಲ್ಲಿ 1689, ಈಗಿನ ಲೆಕ್ಕದಲ್ಲಿ 1690. ಹಾಗೆಯೇ ನಕಲು ಮಾಡಿಕೊಳ್ಳಿ.

ಮೇಲಿನ ತುದಿಯಲ್ಲಿ ಕೆಲಸ ಅರ್ಧ ಆಗಿಯೇ ಇದೆ. ಮೇಫ್ಲವರ್ ಸಂಘ ಮೊದಲ ಐದು ತಲೆಮಾರುಗಳನ್ನು ಪುರಾವೆ ಸಮೇತ ಬೆಳ್ಳಿ ಬಣ್ಣದ ರಟ್ಟಿನ ಪುಸ್ತಕಗಳಲ್ಲಿ ತಂದಿದೆ. ನೀವು ಹತ್ತಿ ಬಂದ ದಾರಿ ಅಲ್ಲಿನ ಒಂದು ಹೆಸರಿಗೆ ತಾಕಬೇಕು. ಆದರೆ ಆಲ್ಡನ್ ವಿಷಯದಲ್ಲಿ ಒಂದು ಎಚ್ಚರ. ಮೇಫ್ಲವರ್‌ನವರು ನೆಲೆಸಿದ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ 1651ರ ಸುಮಾರಿಗೆ, ಆಲ್ಡನ್ ದಂಪತಿಗೆ 11 ಮಕ್ಕಳು ಎಂದು ಬರೆದಿಟ್ಟ. ದಾಖಲೆಯಲ್ಲಿ ಹೆಸರು ಸಿಗುವುದು 10 ಮಕ್ಕಳದು ಮಾತ್ರ. ಆ ಹನ್ನೊಂದನೆಯ ಮಗುವಿನ ಗೂಟಕ್ಕೆ ತಮ್ಮ ವಂಶವನ್ನು ಕಟ್ಟಿಹಾಕಲು ಹೋದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಸರೇ ಗೊತ್ತಿಲ್ಲದ ಮಗುವಿಗೆ ಮೊಮ್ಮಕ್ಕಳನ್ನು ಕೊಡುವುದು ಸರಿಯಲ್ಲ, ಅಲ್ವಾ?

ಅಂತರ್ಜಾಲದಲ್ಲಿ ಸಿದ್ಧ ವಂಶವೃಕ್ಷಗಳು ಬೇಕಾದಷ್ಟಿವೆ. ಇಪ್ಪತ್ತು ಕಡೆ ಒಂದೇ ಹೆಸರಿದ್ದರೆ ಇಪ್ಪತ್ತು ಪುರಾವೆ ಆಗುವುದಿಲ್ಲ. ಒಬ್ಬರದ್ದನ್ನು ಹತ್ತೊಂಬತ್ತು ಜನ ಇಳಿಸಿಕೊಂಡಿರುತ್ತಾರೆ. ಅಚ್ಚಾದ ಹಳೆಯ ವಂಶಾವಳಿಗಳನ್ನೂ ಸುಮ್ನೆ ನಂಬಬೇಡಿ. ಗುಸ್ತಾವ್ ಆಂಜೂ ಎಂಬಾತ ಸುಮಾರು ನೂರು ವರ್ಷದ ಹಿಂದೆ ಹಣವಂತರಿಗೆ ಸುಳ್ಳು ವಂಶಾವಳಿ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ. ಅವನ ಕಟ್ಟುಕಥೆಗಳು ಈಗಲೂ ನಕಲಾಗುತ್ತಿವೆ.

ಮನೆತನದ ಹೆಸರು ಒಂದೇ ಅಂತಲೂ ನೆಚ್ಚಬಾರದು. ವರ್ಜೀನಿಯಾದ ಮೂಲನಿವಾಸಿ ಮುಖಂಡನ ಮಗಳು ಪೊಕಹಾಂಟಸ್‌ಳ ಮೊಮ್ಮಗಳು ಜೇನ್ ರಾಲ್ಫ್ ಮದುವೆಯಾದದ್ದು ರಾಬರ್ಟ್ ಬೋಲಿಂಗ್‌ನನ್ನು. ಅವಳು ಒಬ್ಬ ಮಗನನ್ನು ಬಿಟ್ಟು ತೀರಿಕೊಂಡಳು. ಬೋಲಿಂಗ್ ಮತ್ತೆ ಮದುವೆಯಾದ. ಎರಡನೆಯ ಹೆಂಡತಿಯ ಕಡೆಯವರೂ ಬೋಲಿಂಗ್‌ಗಳೇ, ಆದರೆ ಪೊಕಹಾಂಟಸ್ ವಂಶದವರಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗೀತು ಅನ್ನುತ್ತಾರೆ. ಹತ್ತು ತಲೆಮಾರು ಹಿಂದೆ ಒಬ್ಬೊಬ್ಬರಿಗೂ 1,024 ಪೂರ್ವಿಕರ ಜಾಗ ಇರುತ್ತದೆ. ಅವರಲ್ಲಿ ಬಹಳ ಜನರಿಂದ ನಿಮ್ಮ ಮೈಗೆ ಒಂದು ತುಣುಕೂ ಬಂದಿರುವುದಿಲ್ಲ. ಅಪ್ಪನಿಂದ ಮಗನಿಗೆ ನೇರ ಬಂದ ಸಾಲಾದರೆ ಗಂಡುಮಕ್ಕಳಿಗೆ ಅಪ್ಪನಿಂದ ಮಾತ್ರ ಬರುವ ವೈ ವರ್ಣತಂತುವಿನ ಪರೀಕ್ಷೆ ನೆರವಾಗುತ್ತದೆ. ನಡುವೆ ಒಬ್ಬ ಹೆಣ್ಣುಮಗಳು ಬಂದರೆ ಆ ದಾರಿ ಮುಚ್ಚಿತು.

ನಮ್ಮ ಕಥೆ ನಿಂತಿರುವುದು ಆ ಪಿಂಚಣಿ ಪಡೆದ ಸೈನಿಕನ ಹತ್ತಿರ. ಅವನು ಹೇಳಿದ ಊರಿನ ದಾಖಲೆಯಲ್ಲಿ ಅದೇ ಹೆಸರಿನ ಇಬ್ಬರು ಹುಡುಗರಿದ್ದಾರೆ, ಮೂರು ವರ್ಷ ಅಂತರ. ಒಬ್ಬನ ತಾಯಿ ಆಲ್ಡನ್ ವಂಶದವಳು, ಇನ್ನೊಬ್ಬನ ತಾಯಿ ಅಲ್ಲ. ಇಂಥ ಕಡೆ ಇಷ್ಟವಾದವನನ್ನು ಆರಿಸಿಕೊಳ್ಳುವ ಆಸೆ ಜಾಸ್ತಿ ಆಗುತ್ತದೆ. ಮಾಡಬೇಕಾದದ್ದು ಬೇರೆ. ಇಬ್ಬರನ್ನೂ ಹಿಂಬಾಲಿಸಬೇಕು. ಒಬ್ಬ ಅದೇ ಊರಲ್ಲಿ ಉಳಿದ, ಇಲ್ಲವೇ ಎಳೆಯದರಲ್ಲೇ ಹೋದ ಅಂತ ಗೊತ್ತಾದರೆ ಉಳಿದವನೇ ನಮ್ಮವನು. ಅಪ್ಪ ಸತ್ತಮೇಲೆ ಮಕ್ಕಳು ಸೇರಿ ಜಮೀನು ಮಾರಿದ ಕ್ರಯಪತ್ರದಲ್ಲಿ ‘ನ್ಯೂಯಾರ್ಕ್‌ನಲ್ಲಿರುವ ಮಗ’ ಎಂಬ ಒಂದು ಮಾತು ಸಿಕ್ಕರೂ ಸಾಕು.

ಈಗ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕ್ರಯಪತ್ರಗಳನ್ನು ಹಾಳೆ ಹಾಳೆ ಓದುತ್ತಿದ್ದೇವೆ. ಅಜ್ಜಿ ಅಲ್ಲಿ, ನಾನು ಮೈಸೂರಿನಲ್ಲಿ. ಮೊಮ್ಮಗಳ ಪಟದಲ್ಲಿ ಸೈನಿಕನವರೆಗೆ ಶಾಯಿಯ ಗೆರೆ ಇದೆ. ಅಲ್ಲಿಂದ ಆಲ್ಡನ್‌ವರೆಗೆ ಪೆನ್ಸಿಲ್ ಗೆರೆ.