ಮಾರುತಿ 800ರ ಎಂಜಿನ್ ಇಳಿಸಿ ಮೋಟಾರ್ ಕೂರಿಸಿದ್ದು: ನನ್ನ ಅನುಭವ

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಾವು ಐವರು, ಗುಜರಿಗೆ ಹೊರಟಿದ್ದ ಮಾರುತಿ 800 ಕಾರೊಂದನ್ನು ಕೊಂಡು, ಅದರ 796 ಸಿಸಿ ಎಂಜಿನ್ ಇಳಿಸಿ ವಿದ್ಯುತ್ ಮೋಟಾರ್ ಕೂರಿಸಿದೆವು. ಬ್ಯಾಟರಿಯೇ ಕಷ್ಟದ ಕೆಲಸವೆಂದು ಭಾವಿಸಿದ್ದೆವು. ಆದರೆ ತಿಂಗಳುಗಟ್ಟಲೆ ಕಾಡಿದ್ದು ಒಂದು ಅಲ್ಯೂಮಿನಿಯಂ ತಟ್ಟೆ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗಲು ಇಂಥ ಹಗುರ ಕಾರಿಗೆ ಸುಮಾರು 2 ಕಿಲೋವಾಟ್ ಸಾಕು. ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡದ್ದರಿಂದ 5 ಕಿಲೋವಾಟ್ ಮೋಟಾರ್ ನಮಗೆ ಧಾರಾಳವಾಯಿತು. 3.2 ವೋಲ್ಟಿನ, 100 ಆಂಪಿಯರ್-ಅವರ್‌ನ 24 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದಾಗ 76.8 ವೋಲ್ಟ್, ಅಂದರೆ ಸುಮಾರು 7.7 ಯೂನಿಟ್ ಸಂಗ್ರಹ ದೊರೆಯಿತು.

ಮೋಟಾರನ್ನು ಗೇರ್‌ಬಾಕ್ಸಿಗೆ ಬಿಗಿಯುವ ಅಡಾಪ್ಟರ್ ತಟ್ಟೆಯನ್ನು ಬೋಲ್ಟಿನ ರಂಧ್ರಗಳ ಅಳತೆ ಹಿಡಿದು ಮಾಡಿಸಿದ್ದೆವು. ಮೊದಲ ಓಟದಲ್ಲೇ ಗೇರ್‌ಬಾಕ್ಸ್ ಕಿರುಗುಟ್ಟಿತು, ಮೋಟಾರ್ ಮತ್ತು ಗೇರ್‌ಬಾಕ್ಸಿನ ಶಾಫ್ಟ್‌ಗಳನ್ನು ಜೋಡಿಸುವ ಕಪ್ಲಿಂಗ್‌ನ ರಬ್ಬರು ಪುಡಿಯಾಗಿ ಉದುರಿತು. "ಬೋಲ್ಟಿನ ತೂತು ಯಾವಾಗ್ಲೂ ಸಡ್ಲ ಇರ್ತಾವ್ರಪ್ಪಾ, ಅದನ್ನ ನಂಬಿ ಸೆಂಟರ್ ಹಿಡೀಬ್ಯಾಡ್ರಿ, ಡೋವೆಲ್ ಪಿನ್ (ಅಲುಗಾಡದೆ ಸ್ಥಾನ ಹಿಡಿಯುವ ಬಿಗಿ ಕಡ್ಡಿ) ಹಾಕ್ರಿ" ಎಂದು ಲೇತ್ ಮೇಸ್ತ್ರಿ ಹೇಳಿದಾಗ ನಾಲ್ಕು ವರ್ಷದ ಓದಿನ ಬಗ್ಗೆ ತುಸು ನಾಚಿಕೆಯಾಯಿತು. ಸೂಕ್ಷ್ಮ ಅಳತೆಯ ಡಯಲ್ ಗೇಜ್ ಇಟ್ಟು ನೋಡಿದರೆ ಎರಡು ಶಾಫ್ಟ್‌ಗಳ ಕೇಂದ್ರಗಳ ನಡುವೆ 0.3 ಮಿ.ಮೀ. ವ್ಯತ್ಯಾಸವಿತ್ತು. ಅವರೇ ಮುಂದೆ ನಿಂತು, ಎರಡು ಡೋವೆಲ್ ಪಿನ್‌ಗಳ ಆಧಾರದ ಮೇಲೆ ಹೊಸ ತಟ್ಟೆ ಕೊರೆದು ಆ ವ್ಯತ್ಯಾಸವನ್ನು 0.05ಕ್ಕೆ ಇಳಿಸಿದ ಮೇಲೆ ಸದ್ದು ನಿಂತಿತು.

ಎಂಜಿನ್ನಿನೊಂದಿಗೆ, ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತವೂ ಹೋಗುತ್ತದೆಂಬುದು ಪೆಡಲ್ ಕಲ್ಲಿನಂತಾದಾಗಲೇ ಹೊಳೆದದ್ದು. ಅದಕ್ಕೆ 12 ವೋಲ್ಟಿನ ವ್ಯಾಕ್ಯೂಮ್ ಪಂಪ್ ಹಾಕಿದೆವು. ಅನುಮೋದಿತ ಕಿಟ್ ಇಲ್ಲದೆ ಹೀಗೆ ಮಾರ್ಪಡಿಸಿದ ಕಾರನ್ನು ಸಾರ್ವಜನಿಕ ರಸ್ತೆಗಿಳಿಸಲು ಕಾನೂನು ಒಪ್ಪದ ಕಾರಣ ಅದು ಕಾಲೇಜಿನ ಆವರಣದೊಳಗೇ ಓಡುತ್ತದೆ.

ಕುಡುತಿನಿಯ 1700 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಪಕ್ಕದಲ್ಲೇ ಇರುವಾಗ, ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡಿ ಹಸಿರು ಕಾರು ಎನ್ನಲು ಮನಸ್ಸು ಒಪ್ಪಲಿಲ್ಲ. ನಿಲ್ಲಿಸುವ ಶೆಡ್ಡಿಗೆ 2 ಕಿಲೋವಾಟ್ ಸೌರಫಲಕಗಳನ್ನೇ ಚಾವಣಿಯಾಗಿ ಹೊದಿಸಿದೆವು, ಕಾರಿಗೆ ನೆರಳೂ ಆಯಿತು. ಆದರೂ ಏಪ್ರಿಲ್ ಮಧ್ಯಾಹ್ನ ಸೆಲ್‌ಗಳು 45 ಡಿಗ್ರಿ ದಾಟಿ ಬ್ಯಾಟರಿಯನ್ನು ಕಾಯುವ ನಿಯಂತ್ರಕವಾದ ಬಿಎಂಎಸ್ ಚಾರ್ಜಿಂಗ್ ಕಡಿಯತೊಡಗಿತು. ಹಾಗಾಗಿ ಈಗ ಬೆಳಿಗ್ಗೆ ಎಂಟಕ್ಕೆ ಹಾಕಿ ಹನ್ನೆರಡರೊಳಗೆ ತೆಗೆಯುತ್ತೇವೆ; ನಡುಹಗಲಿನ ವಿದ್ಯುತ್ತು ವರ್ಕ್‌ಶಾಪಿನ ಫ್ಯಾನುಗಳಿಗೆ ಹೋಗುತ್ತದೆ.